‘ನೀವು ಯಾರ ಕಡೆಯವರು?’: ಮೊದಲ ಕ್ರೈಸ್ತರ ನಂಟಿನ ಕಥೆ

ಬೈಬಲಿನಲ್ಲಿ ಓದುಗರು ಸಾಮಾನ್ಯವಾಗಿ ಹಾರಿಸಿಬಿಡುವ ಒಂದು ಪುಟವಿದೆ. ಯೇಸುವಿನ ಸಂದೇಶವನ್ನು ಊರೂರಿಗೆ ಒಯ್ದ ಬೋಧಕ ಪೌಲ ರೋಮಾಪುರದ ಕ್ರೈಸ್ತರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ, ಹದಿನಾರನೆಯದು. ಅಲ್ಲಿ ಉಪದೇಶ ಕಮ್ಮಿ, ಹೆಸರು ಜಾಸ್ತಿ. ಪ್ರಿಸ್ಕಳಿಗೆ ವಂದನೆ ಹೇಳಿ, ಅಕ್ವಿಲನಿಗೆ ಹೇಳಿ, ಅಂಪ್ಲಿಯಾತನಿಗೆ ಹೇಳಿ, ಊರ್ಬಾನನಿಗೆ ಹೇಳಿ ಅಂತ ಸಾಗುತ್ತದೆ. ನಮ್ಮ ಮದುವೆ ಕಾಗದದ ಕೆಳಗೆ ‘ಸುಖಾಗಮನ ಬಯಸುವವರು’ ಎಂದು ಬಂಧುಬಳಗದ ಉದ್ದ ಪಟ್ಟಿ ಇರುತ್ತದಲ್ಲ, ಹಾಗೆ. ಅದನ್ನು ಯಾರು ಓದುತ್ತಾರೆ? ತಮ್ಮ ಹೆಸರು ಬಂದಿದೆಯಾ ಅಂತ ಹುಡುಕುವವರು, ಅಷ್ಟೆ.

ಆದರೆ ಎಣಿಸಿ ನೋಡಿ. 24 ಹೆಸರುಗಳಿವೆ. ಇನ್ನಿಬ್ಬರು ಹೆಂಗಸರಿಗೆ ಹೆಸರಿಲ್ಲ: ರೂಫನ ತಾಯಿ, ನೇರೆಯನ ಒಡಹುಟ್ಟಿದವಳು. ಒಟ್ಟು 26 ಜನ. ಪೌಲ ಈ ಪತ್ರ ಬರೆಸಿದ್ದು ಸುಮಾರು ಕ್ರಿ.ಶ. 57ರಲ್ಲಿ, ಗ್ರೀಸಿನ ಕೊರಿಂಥದಲ್ಲಿ ಕೂತು. ಆ ಹೊತ್ತಿಗೆ ಅವನು ರೋಮಿನಲ್ಲಿ ಒಂದು ಸಲವೂ ಕಾಲಿಟ್ಟಿರಲಿಲ್ಲ! ನೋಡದ ಊರಿನಲ್ಲಿ ಇಷ್ಟು ಜನರ ಪರಿಚಯ ಹೇಗೆ?

ಉತ್ತರ ಪಟ್ಟಿಯ ಮೊದಲ ಎರಡು ಹೆಸರಿನಲ್ಲೇ ಇದೆ. ಅಕ್ವಿಲ ಕಪ್ಪು ಸಮುದ್ರದ ದಂಡೆಯ ಪೊಂತದವನು, ಯೆಹೂದ್ಯ, ಕಸುಬು ಡೇರೆ ಹೊಲಿಯುವುದು. ಹೆಂಡತಿ ಪ್ರಿಸ್ಕ. ಇಬ್ಬರೂ ರೋಮಿನಲ್ಲಿದ್ದರು. ಸುಮಾರು 49ರಲ್ಲಿ ಚಕ್ರವರ್ತಿ ಕ್ಲಾಡಿಯಸ್ ಯೆಹೂದ್ಯರನ್ನು ಊರಿನಿಂದ ಹೊರಗೆ ಹಾಕಿದ. ದಂಪತಿ ಕೊರಿಂಥಕ್ಕೆ ಬಂದು ಅಂಗಡಿ ಹಾಕಿದರು. ಪೌಲನದೂ ಅದೇ ಕಸುಬು. ಅವರಲ್ಲೇ ಉಳಿದ, ಅವರ ಜೊತೆಯೇ ಕೆಲಸ ಮಾಡಿದ. ಆಮೇಲೆ ಅವರು ಎಫೆಸಕ್ಕೆ ಹೋದರು. ಪೌಲ ಪತ್ರ ಬರೆಸುವ ಹೊತ್ತಿಗೆ ಮತ್ತೆ ರೋಮಿಗೆ ಮರಳಿದ್ದರು, ಮನೆಯಲ್ಲಿ ಒಂದು ಸಭೆ ಸೇರಿಸುತ್ತಿದ್ದರು. ಒಂದು ಹೊಲಿಗೆ ಸಂಸಾರ ಮೂರು ಊರನ್ನು ಒಂದಕ್ಕೊಂದು ಗಂಟು ಹಾಕಿತ್ತು.

ಪಟ್ಟಿಯಲ್ಲಿ ಇನ್ನೂ ಎಂಥೆಂಥವರಿದ್ದಾರೆ ನೋಡಿ. ಅಂಪ್ಲಿಯಾತ, ಊರ್ಬಾನ, ಹೆರ್ಮೆ, ಇವೆಲ್ಲ ಆ ಕಾಲದ ಗುಲಾಮರಲ್ಲಿ, ಬಿಡುಗಡೆ ಪಡೆದ ಗುಲಾಮರಲ್ಲಿ ತೀರಾ ಸಾಮಾನ್ಯವಾಗಿದ್ದ ಹೆಸರು. ಅಂದ್ರೋನಿಕ ಮತ್ತು ಯೂನ್ಯ ಯೆಹೂದ್ಯರು. ‘ಅಪೊಸ್ತಲರಲ್ಲಿ ಹೆಸರಾದವರು, ನನಗಿಂತ ಮೊದಲೇ ಕ್ರಿಸ್ತನನ್ನು ನಂಬಿದವರು’ ಎಂದು ಪೌಲನೇ ಹೇಳುತ್ತಾನೆ. ಅಪೊಸ್ತಲ ಅಂದರೆ ಕ್ರಿಸ್ತನ ಸಂದೇಶ ಸಾರಲು ಕಳಿಸಲ್ಪಟ್ಟವನು. ಯೂನ್ಯ ಹೆಣ್ಣಿನ ಹೆಸರು. ನಾಲ್ಕನೆಯ ಶತಮಾನದ ಬೋಧಕ ಕ್ರಿಸೊಸ್ತೊಮ್ ಆಕೆಯನ್ನು ಹೆಂಗಸೆಂದೇ ತಿಳಿದು ಹೊಗಳಿದ್ದಾನೆ. ಆದರೆ ಹೆಂಗಸು ಅಪೊಸ್ತಲಳಾಗುವುದು ಹೇಗೆ ಅಂತ ಮುಂದಿನವರಿಗೆ ಕಸಿವಿಸಿ. ಇಪ್ಪತ್ತನೆಯ ಶತಮಾನದ ಗ್ರೀಕ್ ಮುದ್ರಣಗಳಲ್ಲೂ ಆಕೆಯನ್ನು ಗಂಡಸು ಮಾಡಿಬಿಟ್ಟಿದ್ದರು.

ಇನ್ನೊಂದು ವಿಷಯ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ‘ರೋಮಿನ ಸಭೆ’ ಎಂಬ ಮಾತು ಆ ಇಡೀ ಪತ್ರದಲ್ಲಿ ಎಲ್ಲೂ ಇಲ್ಲ. ಪ್ರಿಸ್ಕಳ ಮನೆಯ ಸಭೆ ಇದೆ. ಅರಿಸ್ತೊಬೂಲನ ಮನೆಯವರಿದ್ದಾರೆ, ನಾರ್ಕಿಸ್ಸನ ಮನೆಯವರಿದ್ದಾರೆ, ಇನ್ನೆರಡು ಗುಂಪಿಗೆ ‘ಇವರೂ ಇವರ ಜೊತೆಗಿರುವ ಸಹೋದರರೂ’ ಎಂದು ಬೇರೆ ಬೇರೆ ವಂದನೆ ಇದೆ. ಒಂದೇ ಊರಿನಲ್ಲಿ ಕನಿಷ್ಠ ಐದು ಗುಂಪು. ಊರಿಗೊಂದು ಚರ್ಚು, ಅದಕ್ಕೊಂದು ಗೋಪುರ, ಒಬ್ಬ ಬಿಷಪ್ ಎಂಬ ಚಿತ್ರ ತಲೆಯಲ್ಲಿದ್ದರೆ ಅದನ್ನು ಸದ್ಯಕ್ಕೆ ಬದಿಗಿಡಿ.

ಕಾಗದ ಹೊತ್ತವರು

ರೋಮನ್ನರಿಗೆ ಸರ್ಕಾರಿ ಅಂಚೆ ಇತ್ತು. ಕುದುರೆ, ಗಾಡಿ, ದಾರಿಯುದ್ದಕ್ಕೂ ತಂಗುವ ಮನೆ, ಎಲ್ಲವೂ. ಆದರೆ ಅದು ಅಧಿಕಾರಿಗಳಿಗೆ ಮಾತ್ರ. ಉಳಿದವರು ಆ ಕಡೆ ಹೋಗುವ ಯಾರಾದರೂ ಸಿಗುವವರೆಗೆ ಕಾಯಬೇಕು. ಪೌಲನಿಗೆ ಸಿಕ್ಕಿದ್ದು ಫೊಯಿಬೆ. ಕೊರಿಂಥದ ಬಂದರು ಕೆಂಖ್ರೆಯದ ಸಭೆಯ ಸೇವಕಿ, ಅನೇಕರಿಗೂ ತನಗೂ ಆಸರೆಯಾದವಳು ಎಂದು ಪೌಲ ಆಕೆಯನ್ನು ಪರಿಚಯಿಸುತ್ತಾನೆ. ಆಕೆಯನ್ನು ಬರಮಾಡಿಕೊಳ್ಳಿ, ಬೇಕಾದ ಸಹಾಯ ಮಾಡಿ ಎನ್ನುತ್ತಾನೆ. ಪತ್ರವನ್ನು ರೋಮಿಗೆ ಒಯ್ದದ್ದು ಆಕೆಯೇ ಎಂಬುದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ.

ಹೊಸಬರು ಊರಿಗೆ ಬಂದರೆ ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ ‘ನೀವು ಯಾರ ಕಡೆಯವರು?’ ಅದಕ್ಕೆ ಸರಿಯಾದ ಉತ್ತರ ಬಂದರೆ ಜಗಲಿಯಿಂದ ಒಳಗೆ, ಕಾಫಿ, ಊಟ. ಇಲ್ಲದಿದ್ದರೆ ಜಗಲಿಯಲ್ಲೇ ಮಾತು ಮುಗಿಯುತ್ತದೆ. ಮೊದಲ ಎರಡು ಮೂರು ಶತಮಾನ ಕ್ರೈಸ್ತರ ಲೋಕ ನಡೆದದ್ದು ಹೆಚ್ಚು ಕಡಿಮೆ ಈ ಪ್ರಶ್ನೆಯ ಮೇಲೆ. ಕೈಯಲ್ಲಿರುವ ಕಾಗದ ಯಾರದು? ಕಳಿಸಿದವರು ಯಾರು? ಬಾಗಿಲು ತೆರೆಯಬೇಕೋ ಬೇಡವೋ?

ಇಲ್ಲಿ ಸಮಾಜಶಾಸ್ತ್ರದ ಎರಡು ಮಾತು ಸೇರಿಸಬೇಕು. 1973ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ವಿದ್ವಾಂಸರು ಒಂದು ವಿಚಾರ ಮುಂದಿಟ್ಟರು. ಹೊಸ ಸುದ್ದಿ ಬರುವುದು ಹೆಚ್ಚಾಗಿ ಆಪ್ತರಿಂದಲ್ಲ, ಅರೆಪರಿಚಿತರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಅಲ್ವಾ? ಎಂದೋ ಒಮ್ಮೆ ಸಿಗುವವನು ಮಾತ್ರ ಬೇರೆ ಲೋಕದ ಸುದ್ದಿ ತರುತ್ತಾನೆ. ರಾಡ್ನಿ ಸ್ಟಾರ್ಕ್ ಎಂಬ ಇನ್ನೊಬ್ಬ ಸಮಾಜಶಾಸ್ತ್ರಜ್ಞರು ಹೇಳಿದ್ದು ಇದರ ಇನ್ನೊಂದು ಮಗ್ಗುಲು. ಜನ ಹೊಸ ಧರ್ಮಕ್ಕೆ ಸೇರುವುದು ಭಾಷಣ ಕೇಳಿ ಅಲ್ಲ, ಸ್ನೇಹಿತ, ಹೆಂಡತಿ, ಅಣ್ಣ ಈಗಾಗಲೇ ಸೇರಿದ್ದಾರೆ ಎಂಬ ಕಾರಣಕ್ಕೆ. ಅವರ ಲೆಕ್ಕ ಪ್ರಸಿದ್ಧ. ಕ್ರಿ.ಶ. 40ರಲ್ಲಿ 1,000 ಕ್ರೈಸ್ತರಿದ್ದರು ಎಂದು ಇಟ್ಟುಕೊಳ್ಳಿ, ಹತ್ತು ವರ್ಷಕ್ಕೆ ಶೇ. 40ರಂತೆ ಬೆಳೆದರೆ 300ರ ಹೊತ್ತಿಗೆ 60 ಲಕ್ಷ ದಾಟುತ್ತದೆ. ಇದು ಜನಗಣತಿ ಅಲ್ಲ, ಊಹೆಯ ಮೇಲಿನ ಗುಣಾಕಾರ. ಆದರೂ ಮನೆಯಿಂದ ಮನೆಗೆ ನಿಧಾನವಾಗಿ ಹರಡಿದರೂ ಅಷ್ಟಾಗಬಹುದು ಎಂದು ತೋರಿಸುತ್ತದೆ.

ಈಗ ಎರಡನ್ನೂ ಜೋಡಿಸಿ. ಒಂದು ಮನೆಯೊಳಗೆ ನಂಟು ಬಿಗಿ: ಒಟ್ಟಿಗೆ ಊಟ, ಒಟ್ಟಿಗೆ ಪ್ರಾರ್ಥನೆ, ವಾರ ವಾರ ಅದೇ ಮುಖಗಳು. ಊರಿಂದ ಊರಿಗೆ ನಂಟು ಸಡಿಲ: ವರ್ಷಕ್ಕೊಮ್ಮೆ ಬರುವ ಕಾಗದ, ಹಡಗಿನಿಂದ ಇಳಿಯುವ ವ್ಯಾಪಾರಿ. ಸಡಿಲ ನಂಟಿನಿಂದ ಧರ್ಮ ದೂರ ದೂರ ಹೋಯಿತು. ಬಿಗಿ ನಂಟಿನಿಂದ ಪ್ರತಿ ಗುಂಪಿನಲ್ಲೂ ತನ್ನದೇ ರೂಢಿ ಗಟ್ಟಿಯಾಯಿತು. ಶುದ್ಧವಾದ ಒಂದು ಮೂಲವಿತ್ತು, ಆಮೇಲೆ ಕಿಡಿಗೇಡಿಗಳು ಅದನ್ನು ಕೆಡಿಸಿದರು ಎಂಬುದು ಹಳೆಯ ಕಥೆ. ನನಗೆ ಕಾಣುವುದು ಬೇರೆ. ಹರಡಿದ ರೀತಿಯೇ ಹಾಗಿತ್ತು. ಹರಡುತ್ತಲೇ ಬೇರೆ ಬೇರೆಯಾಗದೆ ಬೇರೆ ದಾರಿ ಇರಲಿಲ್ಲ.

ಊಟದ ಸಾಲಿನಲ್ಲಿ ಜಗಳ

ಎಷ್ಟು ಬೇಗ ಬೇರೆಯಾಯಿತು? ಮೊದಲ ಇಪ್ಪತ್ತು ವರ್ಷಗಳಲ್ಲೇ. ಸಿರಿಯದ ಅಂತಿಯೋಕ್ಯದಲ್ಲಿ ಕ್ರೈಸ್ತರಾದ ಯೆಹೂದ್ಯರೂ ಯೆಹೂದ್ಯರಲ್ಲದವರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು. ಯೇಸುವಿನ ಶಿಷ್ಯ ಪೇತ್ರನೂ ಕೂತಿದ್ದ. ಅಷ್ಟರಲ್ಲಿ ಯೆರೂಸಲೇಮಿನಿಂದ ಅಲ್ಲಿನ ಸಭೆಯ ಮುಖಂಡ ಯಾಕೋಬನ ಕಡೆಯವರು ಬಂದರು. ಪೇತ್ರ ಮೆಲ್ಲಗೆ ಎದ್ದು ಬೇರೆ ಕೂತ. ಪೌಲನ ಜೊತೆಗಾರ ಬಾರ್ನಬನೂ ಹಿಂದೆಯೇ ಎದ್ದ. ಪೌಲ ಎಲ್ಲರೆದುರು ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ನಮ್ಮಲ್ಲಿ ಇದಕ್ಕೆ ಹಳೆಯ ಪದವೇ ಇದೆ, ಪಂಕ್ತಿಭೇದ. ಈ ಪ್ರಸಂಗ ನಮಗೆ ಗೊತ್ತಿರುವುದು ಪೌಲನ ಬಾಯಿಂದ ಮಾತ್ರ, ಗಲಾತ್ಯದವರಿಗೆ ಬರೆದ ಪತ್ರದಲ್ಲಿ. ಕೊನೆಗೆ ಪೇತ್ರ ಒಪ್ಪಿಕೊಂಡ ಎಂದು ಪೌಲ ಎಲ್ಲೂ ಹೇಳುವುದಿಲ್ಲ. ಗೆದ್ದಿದ್ದರೆ ಹೇಳದೆ ಬಿಡುವ ಆಸಾಮಿ ಅಲ್ಲ ಅವನು.

ಕೊರಿಂಥದ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿಂದ ಪೌಲನಿಗೆ ಸುದ್ದಿ ತಂದದ್ದು ‘ಖ್ಲೋಯೆಯ ಮನೆಯವರು’, ಬಹುಶಃ ಆಕೆಯ ಆಳುಗಳು. ಸುದ್ದಿ ಏನು? ಒಬ್ಬ ‘ನಾನು ಪೌಲನವನು’ ಅನ್ನುತ್ತಾನಂತೆ, ಇನ್ನೊಬ್ಬ ‘ನಾನು ಅಪೊಲ್ಲೋಸನವನು’, ಮತ್ತೊಬ್ಬ ‘ನಾನು ಕೇಫನವನು’. ಅಪೊಲ್ಲೋಸ ಇನ್ನೊಬ್ಬ ಬೋಧಕ, ಕೇಫ ಅಂದರೆ ಪೇತ್ರನೇ. ಅದೇ ಪ್ರಶ್ನೆ ನೋಡಿ, ಯಾರ ಕಡೆಯವರು? ಜೊತೆಗೆ ಯೇಸುವಿನ ನೆನಪಿಗೆ ಒಟ್ಟಾಗಿ ಉಣ್ಣುವ ಪ್ರಭುಭೋಜನದಲ್ಲೂ ಎಡವಟ್ಟು. ಉಳ್ಳವರು ಬೇಗ ಬಂದು ಉಂಡು ಕುಡಿದು ಮತ್ತರಾದರೆ ಇಲ್ಲದವರು ಹಸಿದೇ ಇರುತ್ತಿದ್ದರು. ರೋಮನ್ ಮನೆಯ ಊಟದ ಕೋಣೆಯಲ್ಲಿ ಒರಗಿ ಕೂರಲು ಸಾಮಾನ್ಯವಾಗಿ ಒಂಬತ್ತು ಜನಕ್ಕೆ ಜಾಗ. ಉಳಿದವರು ಅಂಗಳದಲ್ಲಿ ನಿಂತಿರಬೇಕು. ಕೂಲಿ ಮುಗಿಸಿ ತಡವಾಗಿ ಬರುವ ಗುಲಾಮನಿಗೆ ಏನು ಉಳಿದಿರುತ್ತದೆ?

ಇಂಥ ಮನೆಗಳಲ್ಲಿ ನಾಯಕರಾದವರು ಯಾರು ಎಂಬುದಕ್ಕೆ ಹೊರಗಿನವರ ಒಂದು ಸಾಕ್ಷಿ ಇದೆ. ಸುಮಾರು 112ರಲ್ಲಿ ಈಗಿನ ಟರ್ಕಿಯ ಉತ್ತರಕ್ಕಿದ್ದ ಬಿಥುನ್ಯದ ರೋಮನ್ ರಾಜ್ಯಪಾಲ ಪ್ಲಿನಿ ಕ್ರೈಸ್ತರ ಬಗ್ಗೆ ತನಿಖೆ ನಡೆಸಿದ. ಒಳಗಿನ ವಿಷಯ ಬಾಯಿಬಿಡಿಸಲು ಅವನು ಹಿಂಸೆ ಕೊಟ್ಟದ್ದು ಇಬ್ಬರು ಗುಲಾಮ ಹೆಂಗಸರಿಗೆ. ‘ಸೇವಕಿಯರು’ ಎಂದು ಅವರನ್ನು ಕರೆಯುತ್ತಿದ್ದರು ಎಂದು ಚಕ್ರವರ್ತಿ ಟ್ರಾಜನನಿಗೆ ಬರೆದ. ಫೊಯಿಬೆಯ ಪದವಿಯೂ ಅದೇ ಅರ್ಥದ್ದು.

ಅತಿಥಿ ಎಷ್ಟು ದಿನ ಇರಬಹುದು?

ಮನೆ ಮನೆಗೆ ಬರುವ ಬೋಧಕರು ಜಾಸ್ತಿಯಾದಂತೆ ಕಾಟವೂ ಶುರುವಾಯಿತು. 1873ರಲ್ಲಿ ಕಾನ್‌ಸ್ಟಾಂಟಿನೋಪಲಿನ ಒಂದು ಪುಸ್ತಕ ಭಂಡಾರದಲ್ಲಿ ಸಿಕ್ಕ ‘ದಿದಖೆ’ ಎಂಬ ಪುಟ್ಟ ಹಳೆಯ ಕೈಪಿಡಿ ಇದಕ್ಕೆ ನಿಯಮ ಮಾಡುತ್ತದೆ. ಬಂದ ಅಪೊಸ್ತಲ ಒಂದು ದಿನ ಇರಲಿ, ಬೇಕಿದ್ದರೆ ಎರಡು ದಿನ. ಮೂರನೆಯ ದಿನವೂ ಉಳಿದರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುವ ಜಾಗದವರೆಗೆ ಸಾಕಾಗುವಷ್ಟು ರೊಟ್ಟಿ ಕೊಡಿ. ದುಡ್ಡು ಕೇಳಿದನೋ, ಸುಳ್ಳು ಪ್ರವಾದಿ. ಪವಿತ್ರಾತ್ಮದ ಆವೇಶದಲ್ಲಿ ‘ಊಟಕ್ಕೆ ಎಲೆ ಹಾಕಿ’ ಎಂಬ ಅರ್ಥದಲ್ಲಿ ಅಪ್ಪಣೆ ಕೊಟ್ಟು ತಾನೇ ಕೂತು ಉಂಡರೂ ಸುಳ್ಳು ಪ್ರವಾದಿಯೇ. ಇದನ್ನು ಬರೆದವರಿಗೆ ಅನುಭವ ಇತ್ತು ಬಿಡಿ.

ಅನುಭವ ಎಂಥದ್ದು ಎಂದು ಲೂಸಿಯನ್ ಎಂಬ ವ್ಯಂಗ್ಯಗಾರ ಬರೆದಿದ್ದಾನೆ. ಪೆರೆಗ್ರೀನಸ್ ಎಂಬ ಅಲೆಮಾರಿ ಪಲೆಸ್ತೀನಿನಲ್ಲಿ ಕ್ರೈಸ್ತರ ಜೊತೆ ಸೇರಿ ದೊಡ್ಡ ಮನುಷ್ಯನಾದ, ಜೈಲಿಗೂ ಹೋದ. ಬೆಳಗಾಗುವ ಮೊದಲೇ ಮುದಿ ವಿಧವೆಯರು, ಅನಾಥ ಮಕ್ಕಳು ಜೈಲಿನ ಬಾಗಿಲಲ್ಲಿ ಕಾಯುತ್ತಿದ್ದರಂತೆ. ಹಿರಿಯರು ಕಾವಲುಗಾರರಿಗೆ ಲಂಚ ಕೊಟ್ಟು ಒಳಗೆ ಅವನ ಜೊತೆ ಮಲಗುತ್ತಿದ್ದರಂತೆ. ಏಷ್ಯಾ ಪ್ರಾಂತದ (ಈಗಿನ ಟರ್ಕಿಯ ಪಶ್ಚಿಮ ಭಾಗ) ಊರುಗಳಿಂದಲೂ ಸಭೆಯ ಖರ್ಚಿನಲ್ಲಿ ಜನ ಬಂದರಂತೆ. ಲೂಸಿಯನ್‌ಗೆ ಇದು ನಗೆಪಾಟಲು. ಆದರೆ ತಮಾಷೆಯ ನಡುವೆ ಅವನು ಕೊಟ್ಟಿರುವುದು ಒಂದು ಜಾಲದ ನಕ್ಷೆ. ಒಂದು ಊರಿನಲ್ಲಿ ಒಬ್ಬ ಸಿಕ್ಕಿಬಿದ್ದರೆ ನೂರಾರು ಮೈಲಿ ಆಚೆ ದುಡ್ಡು ಸೇರುತ್ತಿತ್ತು.

ಬಾಗಿಲು ಮುಚ್ಚುವುದೂ ಇದೇ ಕಾಲದಲ್ಲಿ ಕಲಿತ ವಿದ್ಯೆ. ಬೈಬಲಿನಲ್ಲಿರುವ ಯೋಹಾನನ ಎರಡನೆಯ ಪತ್ರದ ಲೇಖಕ ತನ್ನನ್ನು ‘ಹಿರಿಯ’ ಎಂದು ಕರೆದುಕೊಳ್ಳುತ್ತಾನೆ. ಆ ಪತ್ರ, ನಮ್ಮ ಉಪದೇಶ ತಾರದವನನ್ನು ಮನೆಯೊಳಗೆ ಸೇರಿಸಬೇಡಿ, ನಮಸ್ಕಾರವನ್ನೂ ಹೇಳಬೇಡಿ ಎನ್ನುತ್ತದೆ. ಮೂರನೆಯ ಪತ್ರದಲ್ಲಿ ಅದೇ ಹಿರಿಯ ಗೋಳಾಡುತ್ತಾನೆ: ದಿಯೊತ್ರೇಫ ಎಂಬವನು ನಾವು ಕಳಿಸಿದವರನ್ನು ಸೇರಿಸುತ್ತಿಲ್ಲ, ಸೇರಿಸುವವರನ್ನೂ ಸಭೆಯಿಂದ ಹೊರಗೆ ಹಾಕುತ್ತಿದ್ದಾನೆ! ತಾನು ಹೇಳಿಕೊಟ್ಟ ಪಾಠ ತನಗೇ ತಿರುಗಿತು ಅನ್ನಬಹುದು.

ಎರಡನೆಯ ಶತಮಾನದ ನಡುವೆ ರೋಮ್ ಒಂದು ಸಂತೆಯಂತಿತ್ತು. ಜಸ್ಟಿನ್ ಎಂಬ ಕ್ರೈಸ್ತ ಬೋಧಕ ಒಂದು ಸ್ನಾನಗೃಹದ ಮೇಲಿನ ಮನೆಯಲ್ಲಿ ಪಾಠ ಹೇಳುತ್ತಿದ್ದ. ಈಜಿಪ್ಟಿನಿಂದ ಬಂದ ವ್ಯಾಲೆಂಟೈನಸ್ ಗೂಢವಾದ ಸೃಷ್ಟಿಕಥೆ ಬೋಧಿಸುತ್ತಿದ್ದ. ಸುಮಾರು 140ರಲ್ಲಿ ಕಪ್ಪು ಸಮುದ್ರದ ಸಿನೋಪೆಯಿಂದ ಮಾರ್ಸಿಯನ್ ಬಂದ. ಹಡಗುಗಳ ಮಾಲೀಕ. ಬಂದವನೇ ಸಭೆಗೆ 2,00,000 ಸೆಸ್ಟರ್ಸ್ (ರೋಮನ್ ನಾಣ್ಯ) ಕಾಣಿಕೆ ಕೊಟ್ಟ. ಆಗ ಒಬ್ಬ ಸಾಮಾನ್ಯ ಸೈನಿಕನ ವರ್ಷದ ಸಂಬಳ 1,200. ಎಷ್ಟಾಯಿತು ಲೆಕ್ಕ ಹಾಕಿ.

ಮಾರ್ಸಿಯನ್ ಹೇಳಿದ್ದು ಸಣ್ಣ ಮಾತಲ್ಲ. ಲೋಕವನ್ನು ಸೃಷ್ಟಿಸಿದ ಹಳೆಯ ಒಡಂಬಡಿಕೆಯ ದೇವರು ಬೇರೆ, ಯೇಸುವಿನ ತಂದೆ ಬೇರೆ ಅಂದ. ಯೆಹೂದ್ಯರ ಗ್ರಂಥ ಪೂರ್ತಿ ಬೇಡ, ಕತ್ತರಿಸಿದ ಲೂಕನ ಸುವಾರ್ತೆ (ಯೇಸುವಿನ ಚರಿತ್ರೆ) ಮತ್ತು ಪೌಲನ ಹತ್ತು ಪತ್ರ ಸಾಕು ಅಂದ. ಕ್ರೈಸ್ತರಲ್ಲಿ ‘ಇಷ್ಟೇ ನಮ್ಮ ಶಾಸ್ತ್ರ’ ಎಂದು ಪಟ್ಟಿ ಕಟ್ಟಿದವರಲ್ಲಿ ನಮಗೆ ತಿಳಿದ ಮೊದಲಿಗ ಅವನೇ. ಆಮೇಲೆ ಪಾಷಂಡಿ ಎನಿಸಿಕೊಂಡವನು! 144ರಲ್ಲಿ ರೋಮಿನವರು ಅವನನ್ನು ಹೊರಗೆ ಹಾಕಿದರು. ಕಾಣಿಕೆಯನ್ನೂ ವಾಪಸ್ ಕೊಟ್ಟರು, ಅದು ದೊಡ್ಡತನ. ಹಡಗು ಗೊತ್ತಿದ್ದವನು ಸುಮ್ನೆ ಕೂರುತ್ತಾನೆಯೇ? ಬಂದರಿನಿಂದ ಬಂದರಿಗೆ ತನ್ನದೇ ಸಭೆಗಳ ಸರಪಳಿ ಕಟ್ಟಿದ. ಅವು ಶತಮಾನಗಳ ಕಾಲ ಉಳಿದವು.

ಎಲ್ಲ ಭಿನ್ನತೆಗೂ ಇದೇ ಶಾಸ್ತಿ ಆಗಲಿಲ್ಲ ಎಂಬುದು ಕುತೂಹಲದ ಸಂಗತಿ. ಏಷ್ಯಾ ಪ್ರಾಂತದವರು ಪಾಸ್ಕವನ್ನು, ಅಂದರೆ ಈಸ್ಟರ್ ಹಬ್ಬವನ್ನು, ಯೆಹೂದ್ಯರ ನಿಸಾನ್ ತಿಂಗಳ 14ನೆಯ ದಿನವೇ ಆಚರಿಸುತ್ತಿದ್ದರು, ವಾರ ಯಾವುದಾದರೂ ಸರಿ. ರೋಮಿನವರಿಗೆ ಭಾನುವಾರವೇ ಆಗಬೇಕು. ಸುಮಾರು 155ರಲ್ಲಿ ಏಷ್ಯಾ ಪ್ರಾಂತದ ಸ್ಮುರ್ನದ ಮುದುಕ ಬಿಷಪ್ ಪೊಲಿಕಾರ್ಪ್ ಸಮುದ್ರ ದಾಟಿ ರೋಮಿಗೆ ಬಂದ. ಅಲ್ಲಿನ ಬಿಷಪ್ ಅನಿಸೆಟಸ್ ಜೊತೆ ಮಾತಾಡಿದ. ಇಬ್ಬರೂ ತಮ್ಮ ಪಟ್ಟು ಬಿಡಲಿಲ್ಲ. ಕೊನೆಗೆ ಅನಿಸೆಟಸ್ ತನ್ನ ಸಭೆಯಲ್ಲಿ ಪ್ರಭುಭೋಜನ ನಡೆಸುವ ಗೌರವವನ್ನು ಪೊಲಿಕಾರ್ಪ್‌ಗೆ ಬಿಟ್ಟುಕೊಟ್ಟ. ಸಮಾಧಾನದಿಂದ ಬೀಳ್ಕೊಂಡರು. ಸುಮಾರು 190ರಲ್ಲಿ ವಿಕ್ಟರ್ ಎಂಬ ರೋಮಿನ ಬಿಷಪ್ ಏಷ್ಯಾದವರ ನಂಟನ್ನೇ ಕಡಿಯಲು ಹೊರಟಾಗ ತಡೆದು ಪತ್ರ ಬರೆದವನು ಲಿಯೋನ್‌ನ ಬಿಷಪ್ ಐರೇನಿಯಸ್. ಅವನು ಇದ್ದದ್ದು ಈಗಿನ ಫ್ರಾನ್ಸಿನಲ್ಲಿ, ಆದರೆ ಮೂಲ ಏಷ್ಯಾ ಪ್ರಾಂತ. ಹುಡುಗನಾಗಿದ್ದಾಗ ಪೊಲಿಕಾರ್ಪನ ಮಾತು ಕೇಳಿದ್ದ. ಎರಡೂ ಕಡೆ ನಂಟಿದ್ದವನು.

ಅದೇ ಐರೇನಿಯಸ್ ಸುಮಾರು 180ರಲ್ಲಿ ವ್ಯಾಲೆಂಟೈನಸ್‌ನ ಹಿಂಬಾಲಕರನ್ನು ಜಾಲಾಡಿಸಿ ಐದು ಸಂಪುಟ ಬರೆದಿದ್ದ. ಹಬ್ಬದ ದಿನಕ್ಕೆ ಔದಾರ್ಯ, ದೇವರ ಸ್ವರೂಪಕ್ಕೆ ಇಲ್ಲ. ಎರಡರ ತೂಕ ಬೇರೆ ಎಂಬುದು ನಿಜವೇ. ಆದರೂ ಪೊಲಿಕಾರ್ಪ್ ‘ನಮ್ಮ ಕಡೆಯವನು’ ಎಂಬುದೂ ಆ ತಕ್ಕಡಿಯಲ್ಲಿ ಸ್ವಲ್ಪ ಕೂತಿತ್ತು ಅಂತ ನನ್ನ ಗುಮಾನಿ.

ಕಸದ ತಿಪ್ಪೆಯ ಸಾಕ್ಷಿ

ಈ ಜಾಲ ಎಷ್ಟು ಚುರುಕಾಗಿತ್ತು? ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಹಳೆಯ ಕಸದ ತಿಪ್ಪೆಗಳಲ್ಲಿ ಸಾವಿರಾರು ಪಪೈರಸ್ ಚೂರು ಸಿಕ್ಕಿವೆ. ಐರೇನಿಯಸ್‌ನ ಆ ಗ್ರಂಥದ ಒಂದು ತುಣುಕೂ ಅದರಲ್ಲಿದೆ, ಸುಮಾರು 200ರ ಕಾಲದ್ದು. ಫ್ರಾನ್ಸಿನಲ್ಲಿ ಬರೆದದ್ದು ಇಪ್ಪತ್ತು ವರ್ಷದೊಳಗೆ ಮೆಡಿಟರೇನಿಯನ್ ದಾಟಿ, ನೈಲ್ ಹಾಯ್ದು ಒಂದು ಒಳನಾಡಿನ ಪಟ್ಟಣ ಮುಟ್ಟಿದೆ. ಅದೇ ಊರಿನ ತಿಪ್ಪೆಯಲ್ಲಿ ತೋಮನ ಸುವಾರ್ತೆಯ ಗ್ರೀಕ್ ಚೂರುಗಳೂ ಸಿಕ್ಕವು, ಬೈಬಲಿನಲ್ಲಿ ಸೇರದೆ ಹೋದ ಪುಸ್ತಕ. ಖಂಡನೆಯನ್ನೂ ಓದುವವರಿದ್ದರು, ಕೈಬಿಟ್ಟ ಪುಸ್ತಕವನ್ನೂ ಓದುವವರಿದ್ದರು. ಅಕ್ಕಪಕ್ಕದ ಮನೆಯವರೋ, ಒಂದೇ ಮನೆಯವರೋ!

ಕನ್ನಡಿಗರಿಗೆ ಈ ಊರಿನ ಹೆಸರು ಹೊಸತಲ್ಲ. ಭಾರತದ ಕಡಲ ತೀರದಲ್ಲಿ ನಡೆಯುವ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡ ಮಾತುಗಳಿವೆ ಎಂದು ಗೋವಿಂದ ಪೈ ಮುಂತಾದವರು ಚರ್ಚಿಸಿದರಲ್ಲ, ಅದು ಸಿಕ್ಕಿದ್ದೂ ಇಲ್ಲೇ. ಈ ಪಪೈರಸ್‌ಗಳನ್ನು ಅಚ್ಚು ಮಾಡಿದ 1903ರ ಒಂದೇ ಸಂಪುಟದಲ್ಲಿ ಐರೇನಿಯಸ್‌ನ ತುಣುಕಿಗೆ 405ನೆಯ ಸಂಖ್ಯೆ, ಆ ಪ್ರಹಸನಕ್ಕೆ 413.

ಅಲ್ಲಿ ಸಿಕ್ಕ ಮೂರನೆಯ ಶತಮಾನದ ಒಂದು ಸಣ್ಣ ಕಾಗದ ನನಗೆ ಇವೆಲ್ಲಕ್ಕಿಂತ ಇಷ್ಟ. ಹೆರಾಕ್ಲಿಯೊಪೊಲಿಸ್ ಎಂಬ ಊರಿನ ಸಭಾಹಿರಿಯರು ಆಕ್ಸಿರಿಂಕಸ್‌ನ ಬಿಷಪ್ ಸೋತಾಸ್‌ಗೆ ಬರೆದದ್ದು. ನಿಮ್ಮ ಕಡೆ ಬರುತ್ತಿರುವ ನಮ್ಮ ಸಹೋದರಿ ತಾಯೋನಳನ್ನು ಸಮಾಧಾನದಿಂದ ಬರಮಾಡಿಕೊಳ್ಳಿ, ಜೊತೆಗೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡ ಕಲಿಯುತ್ತಿರುವ ಒಬ್ಬನನ್ನೂ ಸೇರಿಸಿಕೊಳ್ಳಿ. ಅಷ್ಟೇ ವಿಷಯ. ಫೊಯಿಬೆಯ ಕಾಲದಿಂದ ಇನ್ನೂರು ವರ್ಷ ಆಗಿತ್ತು. ಕಾಗದದ ಧಾಟಿ ಬದಲಾಗಿರಲಿಲ್ಲ. ಬದಲಾದದ್ದು ವಿಳಾಸ. ಮೊದಲು 26 ಜನಕ್ಕೆ ವಂದನೆ, ಈಗ ಒಬ್ಬ ಬಿಷಪ್‌ಗೆ. ನಂಟುಗಳೆಲ್ಲ ಆ ಒಂದು ಗಂಟಿನ ಮೂಲಕ ಹಾಯತೊಡಗಿದ್ದವು. ಅವನು ಯಾರ ಕಾಗದ ಒಪ್ಪುತ್ತಾನೋ ಅವರೇ ಒಳಗಿನವರು.

ಆದರೂ ಬಹಳ ಕಾಲ ಊರಿಗೊಂದು ರೀತಿ ನಡೆದೇ ಇತ್ತು. ಸಿರಿಯದವರಿಗೆ ನಾಲ್ಕು ಸುವಾರ್ತೆಗಳೇ ಬೇಕಿರಲಿಲ್ಲ. ತಾತಿಯನ್ ಎಂಬವನು ನಾಲ್ಕನ್ನೂ ಹೆಣೆದು ಮಾಡಿದ ಒಂದೇ ಪುಸ್ತಕ ಓದುತ್ತಿದ್ದರು. ಐದನೆಯ ಶತಮಾನದಲ್ಲಿ ಸಿರಿಯದ ಕುರ್ರೋಸ್‌ನ ಬಿಷಪ್ ಥಿಯೊಡೊರೆಟ್ ತನ್ನ ಒಂದೇ ಸೀಮೆಯಲ್ಲಿ ಅದರ ಇನ್ನೂರಕ್ಕೂ ಹೆಚ್ಚು ಪ್ರತಿ ಹುಡುಕಿ ತೆಗೆದುಹಾಕಿಸಿದ.

ಇಷ್ಟು ಬಲ ಬಿಷಪ್‌ಗಳಿಗೆ ಬಂದದ್ದು ಚಕ್ರವರ್ತಿ ಕಾನ್‌ಸ್ಟಂಟೈನ್‌ನಿಂದ. 325ರಲ್ಲಿ ಅವನು ಈಗಿನ ಟರ್ಕಿಯ ನೈಸಿಯದಲ್ಲಿ ಸಮ್ಮೇಳನ ಕರೆದಾಗ ಬಿಷಪ್‌ಗಳು ಬಂದದ್ದು ಸರ್ಕಾರಿ ಅಂಚೆಯ ಗಾಡಿ, ಕುದುರೆಗಳಲ್ಲಿ. ಪೌಲನಿಗೆ ಸಿಗದ ಸೌಲಭ್ಯ! ಕಾನ್‌ಸ್ಟಂಟೈನ್‌ನ ಮಗನ ಕಾಲಕ್ಕೆ ಬಿಷಪ್‌ಗಳು ಸಭೆಯಿಂದ ಸಭೆಗೆ ಓಡಾಡಿಯೇ ಅಂಚೆ ವ್ಯವಸ್ಥೆಯ ಸೊಂಟ ಮುರಿಯಿತು ಎಂದು ಇತಿಹಾಸಕಾರ ಅಮ್ಮಿಯಾನಸ್ ಗೊಣಗುತ್ತಾನೆ.

ಅದೇ ಕಾನ್‌ಸ್ಟಂಟೈನ್ ಇನ್ನೊಂದು ಆಜ್ಞೆ ಹೊರಡಿಸಿದ. ವ್ಯಾಲೆಂಟೈನಸ್‌ನವರು, ಮಾರ್ಸಿಯನ್‌ನವರು ಮುಂತಾದ ಗುಂಪುಗಳ ಪ್ರಾರ್ಥನಾಲಯಗಳನ್ನು ಕಿತ್ತುಕೊಳ್ಳಬೇಕು. ಅವರು ಖಾಸಗಿ ಮನೆಗಳಲ್ಲೂ ಸೇರಬಾರದು. ಅದಕ್ಕೆ ಕೆಲವೇ ವರ್ಷ ಮೊದಲು, 318ರ ಸುಮಾರಿಗೆ, ದಮಾಸ್ಕಸ್ ಹತ್ತಿರದ ಲೆಬಾಬಾ ಎಂಬ ಹಳ್ಳಿಯಲ್ಲಿ ಒಂದು ಶಾಸನ ಕೆತ್ತಿಸಿದ್ದರು. ಆ ಕಲ್ಲು ಹತ್ತೊಂಬತ್ತನೆಯ ಶತಮಾನದಲ್ಲಿ ಸಿಕ್ಕಿತು. ‘ಲೆಬಾಬಾ ಹಳ್ಳಿಯ ಮಾರ್ಸಿಯನ್‌ನವರ ಸಭಾಮಂದಿರ’ ಎಂದು ಅದರಲ್ಲಿದೆ. ಕಟ್ಟಿಸಿದ ಹಿರಿಯನ ಹೆಸರೂ ಇದೆ: ಪೌಲ.